ಹಳೆ ಟರ್ಬೋ, ಹೊಸ ಟರ್ಬೋ ಮತ್ತು ಮಲ್ಲಮ್ಮನ ಗಾಡಿ

ಪಟಾನ್‌ಚೆರು ಎಂಬ ಕಾರ್ಖಾನೆಗಳ ಊರಿನ ಒಂದು ಡೀಸೆಲ್ ವರ್ಕ್‌ಶಾಪಿನಲ್ಲಿ ನಾನು ಫೋರ್‌ಮನ್ ಆಗಿದ್ದೆ; ನಿವೃತ್ತಿಗೆ ಇನ್ನೊಂದು ವರ್ಷ ಬಾಕಿಯಿತ್ತು. ಆ ಬೇಸಿಗೆಯ ಒಂದು ಮಂಗಳವಾರ ಯಾದಗಿರಿ ಕಡೆಯ ಮಲ್ಲಮ್ಮ ತನ್ನ ಏಳು ಸೀಟಿನ ಗಾಡಿ ತಂದು ನಿಲ್ಲಿಸಿದಳು. ದಿನಾ ಬೆಳಿಗ್ಗೆ ಆರು ಹೆಂಗಸರನ್ನು ಔಷಧ ಕಾರ್ಖಾನೆಗೆ ಮುಟ್ಟಿಸುವುದೇ ಅವಳ ಜೀವನೋಪಾಯ. ತುಂಬಿದ ಗಾಡಿ ಫ್ಲೈಓವರ್ ಏರುವಾಗ ಏದುಸಿರು ಬಿಡುತ್ತಿತ್ತು, ಹಲವು ಸಲ ತಡವಾಗಿತ್ತು. ಸೋಮವಾರದೊಳಗೆ ಸರಿಹೋಗದಿದ್ದರೆ ಬೇರೆ ಗಾಡಿ ಗೊತ್ತುಮಾಡುತ್ತೇವೆ ಎಂದು ಕಾರ್ಖಾನೆಯವರು ಹೇಳಿಬಿಟ್ಟಿದ್ದರು.

ಅದೇ ಎಂಜಿನ್ನಿನ ಮೇಲಿನ ಮಾಡೆಲ್‌ಗೆ ದೊಡ್ಡ ಟರ್ಬೋಚಾರ್ಜರ್ ಬರುತ್ತದೆ. ಹೊರಹೋಗುವ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರವದು. ಅದನ್ನೇ ಕೂರಿಸೋಣ ಎಂದೆ. ಹೊಸದು ಬರಲು ಶನಿವಾರವಾಗುತ್ತಿತ್ತು. ಹಳೆಯದು ಗುಜರಿ ಅಂಗಡಿಯಲ್ಲಿ ಅಂದೇ ಸಿಕ್ಕಿತು. ಅಂಗಡಿಯವನು ಅದನ್ನು ಡೀಸೆಲ್‌ನಲ್ಲಿ ತೊಳೆದು ಮದುಮಗನಂತೆ ಸಿಂಗರಿಸಿದ್ದ.

ಹೊಳಪನ್ನು ನಂಬುವ ಜಾತಿ ನನ್ನದಲ್ಲ. ಒಳಗೆ ತಿರುಗುವ ದಂಡ, ಅಂದರೆ ಶಾಫ್ಟ್, ಹಿಡಿದು ಅಲುಗಿಸಿದೆ. ಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ನಡೆಯುತ್ತದೆ, ಹಿಂದೆಮುಂದೆ ಕೈಗೆ ತಿಳಿಯುವಷ್ಟು ಸರಿಯಬಾರದು. ಅದರಲ್ಲಿ ಪಾಸಾಯಿತು. ಆದರೆ ಆಯಿಲ್ ಬರುವ ತೂತಿಗೆ ತಂತಿ ಹಾಕಿ ಕೆದಕಿದರೆ ಕರಿ ಹೆಪ್ಪು ಉದುರಿತು. ದೂರ ಓಡಿ ಕಾದ ಟರ್ಬೋ ತಣಿಯುವ ಮುನ್ನ ಎಂಜಿನ್ ಆರಿಸಿದರೆ ಆಯಿಲ್ ಒಳಗೇ ಸುಟ್ಟು ಹೀಗಾಗುತ್ತದೆ. ವಾಪಸ್ ಕಳಿಸಿದೆ.

"ಹಂಗಾರ ಹೊಸಾದು ಹಾಕಿದ್ರ ಚಿಂತಿ ಇಲ್ಲಲ್ರೀ ಅಣ್ಣಾರ?" ಮಲ್ಲಮ್ಮ ಕೇಳಿದಳು.

ಹೂಂ ಅನ್ನುವವನಿದ್ದೆ. ಆದರೆ ಅವಳ ಗಾಡಿಯಲ್ಲಿದ್ದ ಚಿಕ್ಕ ಟರ್ಬೋದ ಆಯಿಲ್ ಪೈಪ್ ಬಿಚ್ಚಿದರೆ ಅಲ್ಲೂ ಅದೇ ಹೆಪ್ಪು! ಆಯಿಲ್ ಚೆನ್ನಾಗಿಯೇ ಇತ್ತು; ಹಾಗಾದರೆ ಗಾಡಿ ಆರಿಸುವ ರೀತಿಯಲ್ಲೇ ಏನೋ ತಪ್ಪಿರಬೇಕು, ಕಣ್ಣಾರೆ ನೋಡೋಣ ಅನ್ನಿಸಿತು. ಪೈಪ್ ಮತ್ತೆ ಜೋಡಿಸಿ, ಮರುದಿನ ಬೆಳಿಗ್ಗೆ ಬುತ್ತಿಚೀಲಗಳ ನಡುವೆ ತುರುಕಿಕೊಂಡು ನಾನೂ ಹೊರಟೆ. ಹೈವೇಯಲ್ಲಿ ಭರ್ರನೆ ಬಂದ ಗಾಡಿ ಕಾರ್ಖಾನೆ ಮುಟ್ಟಿದ್ದೇ ತಡ, ಕಾವಲುಗಾರ ಕೈ ಬೀಸಿ, "ಎಂಜಿನ್ ಬಂದ್ ಕರೋ!" ಎಂದು ಕೂಗಿದ. ಮಲ್ಲಮ್ಮ ತಟ್ಟನೆ ಕೀ ತಿರುಗಿಸಿದಳು. ತಪ್ಪು ಅವನದಲ್ಲ, ಬೆಂಕಿ ತಗಲಬಲ್ಲ ರಾಸಾಯನಿಕಗಳಿರುವ ಜಾಗ, ಗೇಟಿನ ಹತ್ತಿರ ಎಂಜಿನ್ ಓಡಬಾರದೆಂಬುದು ಅಲ್ಲಿನ ನಿಯಮ.

"ತಂಗೆವ್ವಾ, ಇಲ್ಲಿ ಹಿಂಗ ಬಂದ್ ಮಾಡಿದ್ರ ಹೊಸಾದೂ ಅಷ್ಟ, ಹಳೇದೂ ಅಷ್ಟ. ಬಂದ್ ಮಾಡೂ ಮೊದಲ ಒಂದೆರಡು ನಿಮಿಷ ನಿಂತಲ್ಲೇ ಸುಮ್ನ ಎಂಜಿನ್ ಓಡಬೇಕು. ನಾಳಿಂದ ಹಿಂದಿನ ಬಸ್‌ಸ್ಟಾಪಿನಾಗ ಇವರನ್ನ ಇಳಿಸಿ ಅಲ್ಲೇ ನಿಲ್ಲಿಸು," ಎಂದೆ.

ಅವಳ ಮುಖ ಬಾಡಿತು. ಬಿಸಿಲಲ್ಲಿ ಅಲ್ಲಿಂದ ನಡೆಸಿದರೆ ಈ ಹೆಂಗಸರೂ ತನ್ನ ಗಾಡಿ ಬಿಟ್ಟುಹೋದರೆ? ಆಗ ಅವರಲ್ಲಿ ಹಿರಿಯಳಾದ ಶಾಂತಾಬಾಯಿ ಬುತ್ತಿಚೀಲ ಹೆಗಲಿಗೇರಿಸಿ ನಕ್ಕಳು. "ದಿನಾ ಕುಂತಕೊಂಡ ಬರ್ತೀವಿ, ಕಾಲೇನು ಸವೀತಾವೇನ? ನಾವು ನಡ್ಕೊಂತ ಹೋಗ್ತೀವಿ, ನೀ ಗಾಡಿ ನೋಡ್ಕೊ."

ನನಗೆ ಆ ಹೆಣ್ಣುಮಗಳ ಮೇಲೆ ಗೌರವ ಉಕ್ಕಿತು. ಶನಿವಾರ ಆಯಿಲ್ ಪೈಪ್ ಬದಲಿಸಿ ಹೊಸ ಟರ್ಬೋ ಕೂರಿಸಿದೆ. ಸೋಮವಾರ ಮಲ್ಲಮ್ಮ ಫೋನ್ ಮಾಡಿದಳು: "ಅಣ್ಣಾರ, ಫ್ಲೈಓವರ್ ಏರೂದು ಗೊತ್ತ ಆಗಲಿಲ್ರೀ!" ನನ್ನ ನಿವೃತ್ತಿಯ ವಾರ ಅದೇ ಟರ್ಬೋ ತಪಾಸಣೆಗೆ ಬಂತು. ತೂತಿಗೆ ತಂತಿ ಹಾಕಿದೆ, ಸ್ವಚ್ಛವಾಗಿ ಹೊರಬಂತು. ಕಾರ್ಖಾನೆಯ ಬಾಡಿಗೆ ಈಗಲೂ ಅವಳದೇ.

ಈಗಲೂ ಯಾರಾದರೂ ಹಳೆ ಟರ್ಬೋ ಹಾಕಿಸಲೋ ಹೊಸದೋ ಎಂದು ಕೇಳುತ್ತಾರೆ. ನಿಮ್ಮ ಗಾಡಿ ದಿನಾ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ನಾನು ಮೊದಲು ಕೇಳುತ್ತೇನೆ.