ಸೋಪು ಕಾಣದ ಬಟ್ಟೆ ಮತ್ತು ನನ್ನ ಲೇಸರ್

ಪೆರಿಯನಾಯಕನಪಾಳ್ಯದ ವರ್ಕ್‌ಶಾಪಿನಲ್ಲಿ ನಾನು ನಡೆಸುವ ಲೇಸರ್ ಯಂತ್ರ ಉಕ್ಕಿನ ತಗಡನ್ನು ಹಪ್ಪಳದಂತೆ ಕತ್ತರಿಸುತ್ತದೆ. ಅಷ್ಟೊಂದು ಶಕ್ತಿ ಈಗ ಕೂದಲಿನಂಥ ಗಾಜಿನ ಎಳೆಯೊಳಗೆ ಹುಟ್ಟುತ್ತದೆ! ಕೈಯಲ್ಲಿ ಹಿಡಿದು ತುಕ್ಕು ಉದುರಿಸುವ ಲೇಸರ್ ಕೂಡ ಬಂದಿದೆ. ಆದರೆ ಯಾವುದರ ಮುಚ್ಚಳವನ್ನೂ ನಾನು ತೆರೆಯುವ ಹಾಗಿಲ್ಲ. ನನ್ನ ಕೆಲಸ ಬಟನ್ ಒತ್ತುವುದಷ್ಟೇ. ಒಂದು ಲೇಸರನ್ನಾದರೂ ಕೈಯಾರೆ ಮಾಡದಿದ್ದರೆ ನಾನು ಬದುಕಿಡೀ ಬಟನ್ ಒತ್ತುವವನೇ ಎಂದು ಹಟ ಹಿಡಿದೆ.

ಹುಡುಕಿ ಓದಿದಾಗ ಕುಣಿಯುವಂತಾಯಿತು. ಕನ್ನಡಿ ಬೇಡ, ಹರಳು ಬೇಡ; ಮನೆಯ ಗಾಳಿಯಲ್ಲಿರುವ ನೈಟ್ರೋಜನ್ನೇ ಸಾಕಂತೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ, ಪ್ಲಾಸ್ಟಿಕ್ ಹಾಳೆ, ಎರಡು ಲೋಹದ ಪಟ್ಟಿ, ಗಾಂಧಿಪುರದ ಅಂಗಡಿಯಿಂದ ತಂದ ಹೈವೋಲ್ಟೇಜ್ ಪೆಟ್ಟಿಗೆ. ಮುಟ್ಟಿದರೆ ಜೀವಕ್ಕೇ ಅಪಾಯ. ಹಾಗಾಗಿ ಕೋಣೆಯ ಮೇಜಿನ ಮೇಲೆ ಎಲ್ಲ ಜೋಡಿಸಿಕೊಂಡು, ಯಾರೂ ಒಳಗೆ ಬರಬಾರದೆಂದು ಬಾಗಿಲು ಹಾಕಿಕೊಂಡೆ.

ಈ ಲೇಸರಿನ ಕಿರಣ ನೇರಳಾತೀತ, ಅಂದರೆ ಯುವಿ; ಕಣ್ಣಿಗೆ ಕಾಣದು. ಬಿಳಿ ಬಟ್ಟೆಯ ಮೇಲೆ ಬಿದ್ದರೆ ನೀಲಿಯಾಗಿ ಹೊಳೆಯುತ್ತದೆ ಎಂದು ಓದಿದ್ದೆ. ನಮ್ಮ ಮನೆಯಲ್ಲಿ ಹೊಸ ಕೆಲಸ ಶುರುಮಾಡುವಾಗ ನೀರು, ಸೋಪು ತಾಗದ ಕೋರಾ ಬಟ್ಟೆಯೇ ಆಗಬೇಕು. ಅಮ್ಮ ಅದನ್ನೇ ಕೊಟ್ಟರು, ನಾನು ಅದನ್ನೇ ಎದುರಿಗೆ ಕಟ್ಟಿದೆ. ಚಟ್ ಚಟ್ ಎಂದು ಕಿಡಿ ಹಾರಿತು. ಬಟ್ಟೆಯ ಮೇಲೆ ಮಾತ್ರ ಏನೂ ಇಲ್ಲ. ಮೂರು ವಾರ ಪಟ್ಟಿಗಳನ್ನು ಉಜ್ಜಿದೆ, ಕದಲಿಸಿದೆ, ಬೈದೆ. ಕೊನೆಗೆ ಅಮ್ಮ, "ಭಾನುವಾರ ಕಳೀತಂದ್ರೆ ಮೇಜು ನನ್ನ ಹೊಲಿಗೆ ಮಿಷಿನ್ಗೆ" ಎಂದರು.

ಆ ಭಾನುವಾರ ಮಧ್ಯಾಹ್ನ ತಿರುಪ್ಪೂರಿನಿಂದ ಅಕ್ಕ ಬಂದಳು. ಬನಿಯನ್ ಕಂಪೆನಿಯಲ್ಲಿ ಬಟ್ಟೆ ಚೆಕಿಂಗ್ ಮಾಡಿಯೇ ಅವಳ ಕೂದಲು ನರೆತಿದೆ. ಸೋತ ಮುಖ ಹೊತ್ತು ಬಾಗಿಲು ತೆರೆದೆ; ಯುವಿ ಬೆಳಕು ಬಿಟ್ಟರೂ ಬಟ್ಟೆ ಹೊಳೆಯುತ್ತಿಲ್ಲ ಎಂದೆ. ಅವಳು ಬಟ್ಟೆಯನ್ನು ದೂರದಿಂದಲೇ ನೋಡಿ ನಕ್ಕಳು.

"ಕೋರಾ ಬಟ್ಟೆಗೆ ಹೆಂಗೆ ತಂಬಿ ಬೆಳಕು ಬರ್ತದೆ? ಸೋಪಿನ ಪುಡೀಲಿರೋ ಬಿಳುಪಿನ ಮದ್ದು ತಾಗಿದ್ರೆ ತಾನೇ ಹೊಳೆಯೋದು! ನಾವು ದಿನಾ ಕಂಪೆನೀಲಿ ಯುವಿ ಲೈಟ್ ಕೆಳಗೇ ಬಟ್ಟೆ ನೋಡೋದು. ನಿನ್ನ ಬನಿಯನ್ ಬಿಚ್ಚು."

ಬಿಚ್ಚಿ ಕಟ್ಟಿದೆ. ಕಿಟಕಿ ಮುಚ್ಚಿ, ಇಬ್ಬರೂ ರಕ್ಷಣೆಯ ಕನ್ನಡಕ ಹಾಕಿಕೊಂಡೆವು; ನಾನು ಸ್ವಿಚ್ ಒತ್ತಿದೆ. ಬನಿಯನ್ನಿನ ನಡುವೆ ನೀಲಿ ಚುಕ್ಕೆ! ಪೆಟ್ಟಿಗೆಯನ್ನು ಆರಿಸಿ, ಪಟ್ಟಿಯನ್ನು ಎಳೆಯಷ್ಟು ಸರಿಸಿ ಮತ್ತೆ ಒತ್ತಿದರೆ ಮಾಯ. ಮೊದಲಿನ ಜಾಗಕ್ಕೆ ತಂದರೆ ಮತ್ತೆ ಹಾಜರ್. ಬರೀ ಕಿಡಿಯ ಬೆಳಕಾಗಿದ್ದರೆ ಪಟ್ಟಿ ಸರಿಸಿದರೂ ಉಳಿಯುತ್ತಿತ್ತು; ಇದು ಲೇಸರೇ! ಬರೀ ಮೈಯಲ್ಲಿ ನಿಂತು ಕೂಗಿದ ಕೂಗಿಗೆ ಅಮ್ಮ ಓಡಿಬಂದರು.

"ಅಕ್ಕಾ, ಇದನ್ನ ಮೊದಲೇ ಹೇಳ್ಬಾರ್ದಾ?"

"ಫೋನಲ್ಲಿ ದಿನಾ ಕೇಳ್ದೆ, ಏನ್ ಮಾಡ್ತಿದ್ದೀಯ ಅಂತ. 'ನಿನಗೆ ಅರ್ಥ ಆಗಲ್ಲ' ಅಂದೆ ನೀನು."

ನಿಜ, ಹಾಗೇ ಅಂದಿದ್ದೆ. ಖುಷಿಯ ನಡುವೆಯೇ ನಾಚಿಕೆಯಿಂದ ಮುಖ ಬಿಸಿಯಾಯಿತು. ಪೆಟ್ಟಿಗೆಯ ಸ್ವಿಚ್ಚನ್ನು ಅವಳ ಕೈಗೆ ಕೊಟ್ಟೆ. ಅವಳು ಒತ್ತಿದಳು.