ಮಡಿ ಬಿಡದ ದೆವ್ವ

ನಮ್ಮವರಿಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಅವರ ಸಿನಿಮಾದಲ್ಲಿ ಅಳಬೇಕಾದ ಕಡೆ ಜನ ನಕ್ಕರೆ. ಪಾಪ, ಆ ಸಿಟ್ಟಿಗೆ ಅವಕಾಶ ಸಿಕ್ಕಿದ್ದೂ ಕಡಿಮೆ, ಯಾಕೆಂದರೆ ನೋಡುವವರೇ ಇರಲಿಲ್ಲ. ಮೊದಲನೆಯದು ಪ್ರೇಮಕಥೆ. ಕಲಬುರಗಿಯ ಟಾಕೀಸಿನಲ್ಲಿ ನಾಯಕಿ ಸಾಯುವ ಹೊತ್ತಿಗೆ ಎಚ್ಚರ ಇದ್ದವಳು ನಾನೊಬ್ಬಳೇ, ಅದೂ ಹೆಂಡತಿಯೆಂಬ ಮುಲಾಜಿಗೆ. ಎರಡನೆಯದಕ್ಕೆ ನೆಂಟರೆಲ್ಲ ಊರಲ್ಲಿಲ್ಲ ಎಂದು ತಪ್ಪಿಸಿಕೊಂಡರು.

ಅವರ ಹೆಸರು ಸುಜಯೀಂದ್ರ. ನಮ್ಮ ಶಹಾಬಜಾರದಲ್ಲಿ ಮಾತ್ರ ‘ಡೈರೆಕ್ಟರ್ ಸಾಹೇಬ್ರು’. ಪಾನ್ ಅಂಗಡಿಯವನು ಹಾಗೆ ಕರೆದು ಕಣ್ಣು ಮಿಟುಕಿಸುವುದು ನನಗೆ ಕಾಣುತ್ತಿತ್ತು, ಅವರಿಗೆ ಕಾಣುತ್ತಿರಲಿಲ್ಲ. ಕಪನೂರದಲ್ಲಿ ನನ್ನ ಅಣ್ಣನ ಬೇಳೆ ಮಿಲ್ಲಿದೆ. ಮೂರನೆಯ ಸಿನಿಮಾವೂ ಓಡದಿದ್ದರೆ ಕ್ಯಾಮೆರಾದ ಸಹವಾಸ ಬಿಟ್ಟು ಅಲ್ಲಿ ಸೂಪರ್‌ವೈಸರ್ ಆಗುತ್ತೇನೆಂದು ನನಗೆ ಮಾತು ಕೊಟ್ಟಿದ್ದರು. ಕೊಟ್ಟ ದಿನ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ, ಅದು ಬೇರೆ ಮಾತು.

ಮೂರನೆಯದು ದೆವ್ವದ ಸಿನಿಮಾ.

“ಮಂದಿ ಕುರ್ಚಿ ಬಿಟ್ಟು ಓಡಬೇಕು ನೋಡು, ರಂಜನಾ,” ಎಂದರು.

“ಅದೇನ್ ಹೊಸಾದಲ್ಲ ಬಿಡ್ರಿ, ಮೊದಲಿನ ಎರಡಕ್ಕೂ ಓಡ್ಯಾರ,” ಎಂದೆ.

ಶೂಟಿಂಗು ಕಮಲಾಪುರದ ಹಳೇ ವಾಡೆಯಲ್ಲಿ. ಅದು ಅವರ ಚಿಕ್ಕಪ್ಪನ ಹೆಂಡತಿ ಭಾಗೀರಥಿಬಾಯಿಯವರ ಮನೆ. ನಾವೆಲ್ಲ ಅವರನ್ನು ಕಾಕು ಎನ್ನುತ್ತೇವೆ. ಹೆತ್ತ ತಾಯಿ ಬೇಗ ತೀರಿಕೊಂಡ ಮೇಲೆ ನಮ್ಮವರನ್ನು ಉಣಿಸಿ, ಬೈದು, ಬೆಳೆಸಿದವರು ಅವರೇ. ದೆವ್ವದ ಪಾತ್ರಕ್ಕೆ ಹೈದರಾಬಾದಿನಿಂದ ಬರಬೇಕಿದ್ದ ನಟಿ ಜ್ವರ ಎಂದು ಕೈಕೊಟ್ಟಳು. ನಮ್ಮವರು ತಲೆಯ ಮೇಲೆ ಕೈಹೊತ್ತು ಕೂತರು. ಕಾಕು ಒಂದು ಕೆಂಪು ಬಾಳೆಹಣ್ಣು ಮುಂದಿಟ್ಟು, “ಮಾರಿ ಸಣ್ಣ ಮಾಡಬ್ಯಾಡೋ ಸುಜ್ಯಾ, ನಾನೇ ಆಗ್ತೀನಿ ದೆವ್ವ. ಕೂದ್ಲಾ ಬಿಟ್ರ ಆತಲ್ಲ?” ಎಂದರು.

ಕಾಕುವಿಗೆ ಸಂಜೆ ದೀಪ ಹಚ್ಚಿದರೆ ನಿದ್ದೆ. ಹಾಗಾಗಿ ನಮ್ಮವರು ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿ ಬೆಳಿಗ್ಗೆಯೇ ಅಮಾವಾಸ್ಯೆ ಮಾಡಿದರು. ಎಡವಿದ್ದು ಅಲ್ಲೇ. ಬೆಳಿಗ್ಗೆ ಸ್ನಾನವಾದ ಮೇಲೆ ದೇವರ ನೈವೇದ್ಯ ಆಗುವವರೆಗೂ ಕಾಕು ಮಡಿ. ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನೂ ಮುಟ್ಟುವುದಿಲ್ಲ. ಆ ಮನೆಯಲ್ಲೇ ಬೆಳೆದ ಮಹಾನುಭಾವರಿಗೆ ಇದು ನೆನಪಾಗಲಿಲ್ಲ.

ದೆವ್ವ ನಾಯಕನ ಕುತ್ತಿಗೆ ಹಿಡಿಯಲು ಬರುವ ದೃಶ್ಯ. ನಾಯಕ ಕಾಕುವಿನ ಸ್ವಂತ ಮಗ ಕೌಸ್ತುಭ, ಬ್ಯಾಂಕಿನ ಕ್ಯಾಷಿಯರ್. ಕಾಕು ಕೂದಲು ಹರವಿಕೊಂಡು ಕತ್ತಲೆಯಿಂದ ಬಂದರು. ಸುಳ್ಳೇಕೆ ಹೇಳಲಿ, ನನಗೂ ಎದೆ ಝಲ್ಲೆಂದಿತು. ಹಿಂದೆ ಸರಿಯಬೇಕಾದ ಕೌಸ್ತುಭ ಗಾಬರಿಯಲ್ಲಿ ಮುಗ್ಗರಿಸಿ ಮುಂದಕ್ಕೇ ಬಂದ. ದೆವ್ವ ಚಂಗನೆ ಹಿಂದಕ್ಕೆ ಹಾರಿತು.

“ಏ ಏ ಏ! ಮುಟ್ಟಬ್ಯಾಡೋ, ಮಡೀಲಿದ್ದೀನಿ! ದೂರ ನಿಲ್ಲೋ, ಹುಚ್ಚಪ್ಯಾಲಿ!”

ಅಷ್ಟು ಹೇಳಿ ದೆವ್ವ ಅಡುಗೆಮನೆಗೆ ಓಡಿ ಚಿಲಕ ಹಾಕಿಕೊಂಡಿತು. ನಮ್ಮವರು ಬಾಗಿಲು ಬಡಿದರು. “ಕಾಕು, ನೀ ದೆವ್ವ ಇದ್ದೀ! ದೆವ್ವಕ್ಕ ಎಂಥಾ ಮಡಿ?”

“ದೆವ್ವ ಆದ್ರೇನಾತು, ಮಡಿ ಬಿಡಬೇಕೇನು?” ಎಂದು ಒಳಗಿನಿಂದ ಉತ್ತರ ಬಂತು.

ಕ್ಯಾಮೆರಾ ಹಿಡಿದಿದ್ದವನು ನಮ್ಮ ಗಲ್ಲಿಯ ಗುಫ್ರಾನ್, ಮದುವೆ ವಿಡಿಯೋ ತೆಗೆಯುವವನು. ನಗುತ್ತ ನೆಲಕ್ಕೆ ಕುಸಿದರೂ ಕ್ಯಾಮೆರಾ ನಿಲ್ಲಿಸಿರಲಿಲ್ಲ. ಮನೆಗೆ ಹೋಗಿ ತನ್ನ ತಾಯಿ ಚಾಂದಬಿಗೆ ಅದನ್ನು ತೋರಿಸಿದ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕು, ಇನ್ನೊಮ್ಮೆ ಹಾಕು ಎಂದರಂತೆ.

“ಸಾಹೇಬ್ರ, ಇದು ಹೆದರಸೋ ಪಿಕ್ಚರ್ ಅಲ್ರಿ, ನಗಸೋ ಪಿಕ್ಚರ್. ಪೂರಾ ಕಥಿ ಇದರ ಮ್ಯಾಲೇ ಮಾಡ್ರಿ,” ಎಂದು ಗುಫ್ರಾನ್ ಗಂಟುಬಿದ್ದ.

ನಮ್ಮವರು ಕೆಂಡಾಮಂಡಲವಾದರು. ಆ ಸಿಟ್ಟು ತಮ್ಮ ಕಲೆಯ ಸಲುವಾಗಿ ಎಂದುಕೊಂಡು ನಾನೂ ನಾಲ್ಕು ಮಾತು ಚುಚ್ಚಿದೆ. ಆಮೇಲೆ ಬಾಯಿಬಿಟ್ಟರು: “ಮಂದಿ ಕಾಕುನ್ನ ನೋಡಿ ನಗ್ತಾರ, ರಂಜನಾ. ನಾ ಮಿಲ್ಲಿಗೆ ಬೇಕಾದ್ರ ಹೋಗ್ತೀನಿ, ಇದನ್ನ ತೋರಸೂದಿಲ್ಲ.”

ನನಗೆ ಕೆಡುಕೆನಿಸಿತು. ಕಾಕುವನ್ನೇ ಕೇಳಿ ಬನ್ನಿ ಎಂದು ಕಮಲಾಪುರಕ್ಕೆ ಕಳಿಸಿದೆ. “ನಿನಗ ಚಲೋ ಆಗ್ತದಂದ್ರ ತೋರಸಪಾ,” ಎಂದರಂತೆ ಕಾಕು. ಜನ್ಮದಲ್ಲಿ ಟಾಕೀಸಿನ ಮೆಟ್ಟಿಲು ಹತ್ತಿದವರಲ್ಲ, ಏನು ತಿಳಿದು ಹೇಳಿದರೋ ಎಂಬ ಅಳುಕು ನಮ್ಮವರಿಗೆ ಉಳಿದೇ ಇತ್ತು. ಆದರೂ ಕಥೆ ಬದಲಾಯಿತು. ಮುಟ್ಟಿದರೆ ಓಡುವ ದೆವ್ವ, ಸ್ನಾನ ಮಾಡದವರನ್ನು ಹೆದರಿಸಲೂ ಒಲ್ಲದ ದೆವ್ವ.

ಸಿನಿಮಾ ಬಂತು. ಮೊದಲ ದಿನ ಅರ್ಧ ಟಾಕೀಸು ಖಾಲಿ, ವಾರ ಕಳೆಯುವುದರೊಳಗೆ ಟಿಕೆಟ್ಟೇ ಇಲ್ಲ. ಬೀದರ, ರಾಯಚೂರಿಗೂ ಹೋಯಿತು. ಬೆಂಗಳೂರಿನ ನಿರ್ಮಾಪಕರೊಬ್ಬರು ಫೋನ್ ಮಾಡಿ ಇನ್ನೊಂದು ಸಿನಿಮಾ ಮಾಡಿಕೊಡಿ ಎಂದರು. ಇಷ್ಟು ವರ್ಷ ಆ ಒಂದು ಫೋನಿಗೆ ಕಾದ ಮನುಷ್ಯ, “ನಾಳೆ ಹೇಳ್ತೀನ್ರೀ,” ಎಂದು ಇಟ್ಟೇಬಿಡುವುದೇ!

“ತಲಿ ಕೆಟ್ಟದೇನ್ರೀ?” ಎಂದೆ.

“ಕಾಕು ಇನ್ನೂ ನೋಡಿಲ್ಲ. ಆಕಿ ಮನಸ್ಸಿಗೆ ನೋವಾತಂದ್ರ ಇದೂ ಬ್ಯಾಡ, ಮುಂದಿಂದೂ ಬ್ಯಾಡ.”

ಮರುದಿನ ಮಧ್ಯಾಹ್ನದ ಆಟಕ್ಕೆ ಕಾಕುವನ್ನು ಕರೆತಂದು ನಮ್ಮಿಬ್ಬರ ನಡುವೆ ಕೂಡಿಸಿಕೊಂಡೆವು. ದೆವ್ವ ಅಡುಗೆಮನೆಗೆ ಓಡಿದಾಗ ಟಾಕೀಸಿಗೆ ಟಾಕೀಸೇ ಬಿದ್ದು ಬಿದ್ದು ನಕ್ಕಿತು. ಕಾಕು ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು, ಕಣ್ಣು ತುಂಬಿತ್ತು. ನಮ್ಮವರು ತೆರೆಯ ಕಡೆ ನೋಡಲೇ ಇಲ್ಲ. ಮಧ್ಯಂತರದ ದೀಪ ಹತ್ತಿದ್ದೇ ತಡ, “ತಪ್ಪಾತು ಕಾಕು, ಈ ಪಿಕ್ಚರ್ ಇವತ್ತೇ ತಗಸ್ತೀನಿ,” ಎಂದು ಎದ್ದರು.

“ಕೂಡೋ ಸುಮ್ನ,” ಎಂದರು ಕಾಕು. “ನಿಮ್ಮ ಕಾಕಾ ಇದ್ದಾಗ, ನಿಮ್ಮ ಅಜ್ಜಿ ಇದ್ದಾಗ, ನನ್ನ ದನಿ ಅಡಗಿಮನಿ ಹೊಸ್ತಿಲಾ ದಾಟ್ಲಿಲ್ಲ. ಈಗ ಇಷ್ಟು ಮಂದಿ ನಾ ಯಾವಾಗ ಬಾಯಿ ತಗೀತೀನಿ ಅಂತ ಕಾಯ್ಲಿಕ್ಕತ್ತಾರಲ್ಲೋ, ಸುಜ್ಯಾ!”

ನಮ್ಮವರು ಹೊರಗೆ ಹೋಗಿ ಟಿಕೆಟ್ ಕಿಟಕಿಯ ಪಕ್ಕದಲ್ಲಿ ನಿಂತು ಅತ್ತರು. ಅದೇ ಹೊತ್ತಿಗೆ ಬೆಂಗಳೂರಿನವರ ಫೋನ್ ಬಂತು. ನಮ್ಮವರು ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದರಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಹಿಂದೆಯೇ ಬಂದಿದ್ದ ನಾನು ಅದನ್ನು ಕಸಿದುಕೊಂಡೆ.

“ಮಾಡ್ತಾರ್ರೀ. ಆದ್ರ ಈ ಸಲ ಕಾಕುಗ ಮಾತು ಭಾಳ ಇರಬೇಕು ನೋಡ್ರಿ,” ಎಂದೆ.