ನಡೆಯುವವರ ರಸ್ತೆಗೆ ನಕ್ಷೆ ಬರೆದದ್ದು

ಬರಗಾಲದ ಎರಡನೆಯ ವರ್ಷ ಅದು. ಹಳೇ ಬೀದರಿನ ಪೇಟೆಯ ಒಂದು ರಸ್ತೆಯಲ್ಲಿ ಗಾಡಿಗಳ ಓಡಾಟ ನಿಲ್ಲಿಸಿ, ಅದನ್ನು ನಡೆಯುವವರಿಗಷ್ಟೇ ಬಿಡಬೇಕೆಂದು ತೀರ್ಮಾನವಾಗಿತ್ತು. ಅಲ್ಲಿ ಜನರಿಗೆ ಏನೇನು ಅನುಕೂಲ ಬೇಕು, ಯಾವುದು ಎಲ್ಲಿರಬೇಕು ಎಂದು ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಇಂಜಿನಿಯರಾಗಿ ಕಚೇರಿಗೆ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ದಿನವೂ ಭಾಲ್ಕಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ.

ಮೊದಲ ನಕ್ಷೆಯನ್ನು ಮೇಜಿನ ಮುಂದೆ ಕೂತೇ ಮುಗಿಸಿದೆ. ನಡುವೆ ಒಂದು ಕಾರಂಜಿ, ಎರಡೂ ಬದಿಗೆ ಕಬ್ಬಿಣದ ಬೆಂಚು, ಸಾಲಾಗಿ ದೀಪ, ಹೂಕುಂಡ. ಬಣ್ಣ ಬೇರೆ ತುಂಬಿದ್ದೆ. ನಮ್ಮ ಹಿರಿಯ ಇಂಜಿನಿಯರು ನಿವೃತ್ತಿಯ ಅಂಚಿನಲ್ಲಿದ್ದವರು, ಮಾತು ಕಡಿಮೆ. ಹಾಳೆಯನ್ನು ಬಹಳ ಹೊತ್ತು ನೋಡಿ, ಕಾರಂಜಿಗೆ ನೀರು ಎಲ್ಲಿಂದ ತರುತ್ತೀಯಮ್ಮ ಎಂದು ಕೇಳಿದರು. ಊರಿನ ಅರ್ಧ ಓಣಿಗಳು ಟ್ಯಾಂಕರ್ ದಾರಿ ಕಾಯುತ್ತಿದ್ದ ದಿನಗಳವು. ಒಂದು ವಾರ ಕಚೇರಿಗೆ ಬರಬೇಡ, ಆ ರಸ್ತೆಯಲ್ಲೇ ಕೂತು ಬಾ ಎಂದರು. ಬೈದರೋ ಕೆಲಸ ಹೇಳಿದರೋ ಎಂದು ತಿಳಿಯದೆ ಹೊರಬಂದೆ.

ಮೂರು ದಿನ ಕೂತೆ. ಬೆಳಿಗ್ಗೆ ಒಂದು ಬದಿಗೆ, ಮಧ್ಯಾಹ್ನದ ಮೇಲೆ ಇನ್ನೊಂದು ಬದಿಗೆ ನೆರಳು ಸರಿಯುತ್ತಿತ್ತು. ಅದರ ಜೊತೆಗೇ ಜನರೂ ಸರಿಯುತ್ತಿದ್ದರು. ಔರಾದ ಕಡೆಯ ಹಳ್ಳಿಗಳಿಂದ ಗಂಟುಮೂಟೆ ಕಟ್ಟಿಕೊಂಡು ಬಂದ ಕುಟುಂಬಗಳೇ ಹೆಚ್ಚು. ಕೆಲಸ ಹುಡುಕಿ ಹೈದರಾಬಾದಿಗೆ ಹೊರಟವರು, ಬಸ್ಸು ಹತ್ತುವ ಮೊದಲು ಗುಡಿಸಲಿಗೆ ಹೊದಿಸಲು ಒಂದು ತಾಡಪತ್ರಿ, ಒಂದು ಪ್ಲಾಸ್ಟಿಕ್ ಕೊಡ, ಚಪ್ಪಲಿ ಕೊಳ್ಳಲು ಪೇಟೆಗೆ ಬರುತ್ತಿದ್ದರು. ಗಂಡಸರು ಅಂಗಡಿ ಅಂಗಡಿ ಅಲೆಯುವಾಗ ಹೆಂಗಸರು ಗಂಟುಗಳನ್ನು ಕಾಯುತ್ತ ಯಾರದಾದರೂ ಮೆಟ್ಟಿಲ ಮೇಲೆ ಕೂರುತ್ತಿದ್ದರು.

ನಾಲ್ಕನೆಯ ದಿನ ಡಾಬಕಾ ಹಳ್ಳಿಯ ಒಬ್ಬ ಹೆಣ್ಣುಮಗಳು ಅತ್ತೆಯೊಡನೆ ಬಂದು ನನ್ನ ಪಕ್ಕ ಕೂತಳು. ನನ್ನದೇ ವಯಸ್ಸು. ತುಟಿ ಒಣಗಿ ಬಿರಿದಿತ್ತು. ನನ್ನ ಬಾಟಲಿ ಚಾಚಿದೆ. ಅತ್ತೆ ಎರಡು ಗುಟುಕು ಕುಡಿದಳು. ಇವಳು ಕೈಯಲ್ಲೇ ಬೇಡವೆಂದಳು. ನಾನು ಮತ್ತೆ ಒತ್ತಾಯ ಮಾಡಿದಾಗ ತಗ್ಗಿದ ದನಿಯಲ್ಲಿ ಹೇಳಿದಳು:

"ಬ್ಯಾಡ್ರಿ ಅಕ್ಕಾ. ನೀರ್ ಕುಡದ್ರ ಹೋಗಬೇಕಾಗ್ತದ. ಹೆಣ್ಮಕ್ಕಳು ಹೋಗ್ಲಿಕ್ಕ ಇಲ್ಲಿ ಜಾಗಾ ಎಲ್ಲದರಿ? ನಸಿಕಿನ್ಯಾಗ ಮನಿ ಬಿಟ್ಟೀವಿ, ಬಾಯಾಗ ಹನಿ ಹಾಕಿಲ್ಲ ನಾ."

ಬಾಟಲಿಯನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ಅದರ ಭಾರ ನನ್ನ ಗಮನಕ್ಕೆ ಬಂತು. ಮಧ್ಯಾಹ್ನ ಕಳೆದಿತ್ತು, ಅತ್ತೆಯ ಎರಡು ಗುಟುಕು ಬಿಟ್ಟರೆ ಅದು ತುಂಬಿಯೇ ಇತ್ತು. ಭಾಲ್ಕಿ ಬಿಟ್ಟ ಮೇಲೆ ನಾನೂ ನೀರು ಮುಟ್ಟಿರಲಿಲ್ಲ. ಕಾಲೇಜಿಗೆ ಹೋಗುವಾಗಿನಿಂದಲೂ ಹಾಗೇ ರೂಢಿಯಾಗಿತ್ತು. ಅದನ್ನು ಕಷ್ಟವೆಂದು ಎಣಿಸಿರಲೂ ಇಲ್ಲ. ಇಷ್ಟಾದರೂ ನನ್ನ ನಕ್ಷೆಯಲ್ಲಿ ಕಾರಂಜಿ ಇತ್ತು, ಹೆಂಗಸರ ಶೌಚಾಲಯ ಇರಲಿಲ್ಲ. ನಾಚಿಕೆಯಾಯಿತು. ಗಂಡ ಬಂದು ಕರೆದ. ಅತ್ತೆಯ ಕೈ ಹಿಡಿದು ಎಬ್ಬಿಸಿಕೊಂಡು, ಗಂಟು ತಲೆಯ ಮೇಲಿಟ್ಟು ನಡೆದಳು.

ಎರಡನೆಯ ನಕ್ಷೆಯಲ್ಲಿ ಕಾರಂಜಿ ಹೋಯಿತು. ಕುಡಿಯುವ ನೀರಿನ ನಲ್ಲಿ, ಶೌಚಾಲಯ, ಮೇಲೆ ಟ್ಯಾಂಕರಿನಿಂದ ತುಂಬಿಸುವ ದೊಡ್ಡ ಟ್ಯಾಂಕಿ ಬಂದವು. ರಸ್ತೆಯ ನಡುಭಾಗದಲ್ಲಿ, ಒಂದು ಹಳೆಯ ಬಟ್ಟೆ ಅಂಗಡಿಯ ಪಕ್ಕಗೋಡೆಗೆ ತಾಗಿ, ಹಿಂದಿನ ಸಂದಿ ಓಣಿಯವರೆಗೆ ಸರ್ಕಾರಿ ಜಾಗದ ಒಂದು ತುಂಡು ಖಾಲಿ ಬಿದ್ದಿತ್ತು. ಅದೇ ಸರಿಯಾದ ಜಾಗ. ಆದರೆ ಅಂಗಡಿಯ ಯಜಮಾನರು ಒಪ್ಪಲಿಲ್ಲ. ಹಣೆಗೆ ವಿಭೂತಿ ಹಚ್ಚಿದ, ಮರ್ಯಾದೆಯ ಮಾತಿನ ಹಿರಿಯರು. ಮೂರು ತಲೆಮಾರಿನ ಅಂಗಡಿ, ಲಗ್ನದ ಸೀರೆಗೆ ಜನ ಇಲ್ಲಿಗೇ ಬರುತ್ತಾರೆ, ಬಾಗಿಲಲ್ಲೇ ವಾಸನೆ ಬಂದರೆ ಯಾರು ಮೆಟ್ಟಿಲು ಹತ್ತುತ್ತಾರೆ ಎಂದು ಕೇಳಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಊರಿನ ಬೇರೆ ಶೌಚಾಲಯಗಳ ಗತಿ ನಾನೂ ನೋಡಿದ್ದೆ. ಹಿರಿಯ ಇಂಜಿನಿಯರೂ ನನ್ನ ಜೊತೆ ಬಂದಿದ್ದರು. ನಾನು ಕೇಳಿದೆ, ಸೀರೆ ಆರಿಸಲು ಮೂರು ತಾಸು ಕೂರುವ ಹೆಂಗಸರು ಎಲ್ಲಿಗೆ ಹೋಗುತ್ತಾರೆ ಎಂದು. ಯಜಮಾನರಿಗೆ ಆ ಪ್ರಶ್ನೆಯೇ ಹೊಸದು. ಅಂಥದ್ದೇನೂ ಯಾರೂ ಕೇಳಿಲ್ಲ ಎಂದರು.

ಒಳಗೆ ಕುಪ್ಪಸದ ಬಟ್ಟೆ ಅಳೆಯುತ್ತಿದ್ದ ಅವರ ಸೊಸೆ ಕೆಲಸ ನಿಲ್ಲಿಸಿದಳು.

"ಮಾವಾ, ನಿಮಗ ಕೇಳಂಗಿಲ್ಲರಿ, ನನಗ ಕೇಳ್ತಾರ. ಹಿಂದಿನ ಬಾಗಲಾ ತಗದು ನಮ್ಮ ಮನಿಯಾಗ ಕಳಸ್ತೇನಿ. ಇವತ್ತು ಆರು ಮಂದಿ ಬಂದು ಹ್ವಾದ್ರು."

ಆಮೇಲೆ, ತಪ್ಪೊಪ್ಪಿಕೊಳ್ಳುವವಳ ಹಾಗೆ, ಹೋದ ವಾರ ನೀರಿಲ್ಲವೆಂದು ಒಬ್ಬ ಬಸುರಿಯನ್ನು ಹಿಂದಕ್ಕೆ ಕಳಿಸಿದ್ದನ್ನೂ, ಆಕೆ ಮೆಟ್ಟಿಲ ಮೇಲೆ ಕೂತು ಅತ್ತದ್ದನ್ನೂ ಹೇಳಿದಳು. ಯಜಮಾನರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಕೊನೆಗೆ ನನ್ನ ಕಡೆಗಲ್ಲ, ಇಂಜಿನಿಯರ ಕಡೆಗೆ ತಿರುಗಿ, "ಬಾಗಲಾ ಸಂದಿ ಕಡಿ ಇಡ್ರಿ. ಬಳದು ಸ್ವಚ್ಛ ಮಾಡ್ಲಿಕ್ಕ ಒಬ್ರು ಕಾಯಂ ಇರಬೇಕು. ಇಲ್ಲಂದ್ರ ಕೀಲಿ ನಾನೇ ಹಾಕ್ತೇನಿ ನೋಡ್ರಿ," ಎಂದರು.

ಎರಡು ಷರತ್ತುಗಳನ್ನೂ ನಕ್ಷೆಯ ಅಂಚಿನಲ್ಲಿ ಬರೆದುಕೊಂಡೆ. ನಾನು ಯೋಚಿಸಿದ್ದಕ್ಕಿಂತ ಅವೇ ಮುಖ್ಯವಾದವು. ನೌಬಾದದ ಒಬ್ಬ ವಿಧವೆ ಆ ಕೆಲಸಕ್ಕೆ ಬಂದಳು. ಟ್ಯಾಂಕರ್ ತಪ್ಪಿದ ದಿನ ಅವಳು ನೇರ ಕಚೇರಿಗೆ ಬಂದು ಹಿರಿಯ ಇಂಜಿನಿಯರ ಎದುರು ನಿಲ್ಲುತ್ತಿದ್ದಳು. ಅವರು ಫೋನೆತ್ತುವ ತನಕ ಕದಲುತ್ತಿರಲಿಲ್ಲ. ಸಂದಿಯ ಕಡೆಯ ಬಾಗಿಲಿಗೆ ಕೀಲಿ ಬೀಳಲಿಲ್ಲ.

ಎಲ್ಲವೂ ಸರಿಹೋಯಿತು ಎನ್ನಲಾರೆ. ಬೆಂಚುಗಳ ವಿಷಯದಲ್ಲಿ ನಾನು ಸೋತೆ. ನೆರಳಿನ ಲೆಕ್ಕ ಹಾಕಿಯೇ ಜಾಗ ಗುರುತಿಸಿದ್ದೆ, ಆದರೆ ನಾನು ನೋಡಿದ್ದು ಮಾಘದ ನೆರಳು. ವೈಶಾಖದಲ್ಲಿ ಸೂರ್ಯ ನೆತ್ತಿಗೇರಿ, ಕಬ್ಬಿಣ ಕಾದು, ಮುದುಕರು ಅದರ ಮೇಲೆ ಗೋಣಿಚೀಲ ಹಾಸಿ ನೋಡಿ, ಆಮೇಲೆ ಎದ್ದು ಮೆಟ್ಟಿಲುಗಳಿಗೇ ಹೋದರು. ಮರುವರ್ಷ ಅವನ್ನು ಕಿತ್ತು ರಸ್ತೆಯ ತುದಿಯ ಬೇವಿನ ಮರದ ಬುಡಕ್ಕೆ ಹಾಕಿಸಿದೆವು. ಹಿರಿಯರು ನಿವೃತ್ತರಾಗುವ ವಾರ ನನ್ನೊಡನೆ ಬಂದು ಅಲ್ಲಿ ಕೂತರು. ಅವರು ಚಪ್ಪಲಿ ಬಿಟ್ಟು, ಕಾಲು ಮಡಚಿ ಬೆಂಚಿನ ಮೇಲಿಟ್ಟುಕೊಂಡು, ಹೋಗಿಬರುವವರನ್ನು ನೋಡುತ್ತ ಕೂತೇ ಇದ್ದರು.